ಹಿತ್ತಲಿನ ರಾತ್ರಿ ಪಾಳಿ ಮತ್ತು ನಮ್ಮ ಸೊಸೈಟಿಯ ಠರಾವು

ಮೊನ್ನೆ ಆಫೀಸಿನಿಂದ ಬಂದು ಗೇಟು ದಾಟುವಾಗ ನೋಟಿಸ್ ಬೋರ್ಡಿನಲ್ಲಿ ಹೊಸ ಕಾಗದ ಕಂಡಿತು. ಬರುವ ಭಾನುವಾರ ವಿಶೇಷ ಸಭೆ. ವಿಷಯ ಒಂದೇ: ರಾತ್ರಿ ಹೊತ್ತು ಕಾಂಪೌಂಡಿನೊಳಗೆ ಬರುವ ಕಾಡುಪ್ರಾಣಿಗಳ ಬಂದೋಬಸ್ತು. ಪುಣೆಯಲ್ಲಿ ನಾಲ್ಕು ವರ್ಷ ಬಾಳಿದ ಯಾರಿಗೂ ಈ ಬಂದೋಬಸ್ತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹಾವಿನ ಬಂದೋಬಸ್ತು, ಇಲಿಯ ಬಂದೋಬಸ್ತು, ಗೂಬೆಯ ಬಂದೋಬಸ್ತು... ಶಬ್ದ ಮಾತ್ರ ಪೊಲೀಸಿನವರದ್ದು, ಕೆಲಸ ಕಟುಕನದ್ದು.

ನೋಟಿಸಿನಲ್ಲಿ ನಾಲ್ಕು ಸಲಹೆ ಇವೆ. ಹಿಂದಿನ ಗೋಡೆಗೆ ರಾತ್ರಿಯಿಡೀ ಉರಿಯುವ ದೊಡ್ಡ ಲೈಟು ಹಾಕಿಸುವುದು. ಮೂರು ಬೈನೆ ಮರ ಕಡಿಸುವುದು. ಮೋರಿಯ ಉದ್ದಕ್ಕೂ ಇಲಿಪಾಷಾಣದ ಕೇಕು ಇಡಿಸುವುದು. ಬೋನು ತಂದು, ಸಿಕ್ಕಿದ್ದನ್ನು 'ದೂರ ಎಲ್ಲಾದರೂ' ಬಿಟ್ಟು ಬರುವುದು. ಖರ್ಚು ಸೊಸೈಟಿಯ ಫಂಡಿನಿಂದ. ಆ ಫಂಡಿನ ಚೆಕ್ ಪುಸ್ತಕ ನನ್ನ ಬೀರುವಿನಲ್ಲಿದೆ. ಬ್ಯಾಂಕಿನವನು ಒಬ್ಬ ಸಿಕ್ಕಿದರೆ ಅವನನ್ನೇ ಖಜಾಂಚಿ ಮಾಡುವುದು ಎಲ್ಲ ಸೊಸೈಟಿಗಳ ಅಲಿಖಿತ ಕಾನೂನು. ಬಿಕಾಂ ಓದಿದ ತಪ್ಪಿಗೆ ಹನ್ನೊಂದು ವರ್ಷದಿಂದ ಅನುಭವಿಸುತ್ತಿದ್ದೇನೆ. ಹಾಗಾಗಿ ಈ ವಿಷಯದಲ್ಲಿ ನಾನು ಬಾಯಿ ಮುಚ್ಚಿ ಕೂರುವ ಹಾಗಿಲ್ಲ. ಸಭೆಯಲ್ಲಿ ಮರಾಠಿಯಲ್ಲಿ ಹೇಳಬೇಕಾದ್ದನ್ನು ಮೊದಲು ನನ್ನ ಭಾಷೆಯಲ್ಲಿ ಹೇಳಿ ನೋಡುತ್ತೇನೆ. ಸ್ವಲ್ಪ ಕೋಪ ಇದೆ, ಕ್ಷಮಿಸಿ.

ಎಲ್ಲಾ ಶುರುವಾದದ್ದು ಒಂದು ಸಿಸಿಟಿವಿ ತುಣುಕಿನಿಂದ. ನಾವಿರುವುದು ಕೋಥರೂಡಿನಲ್ಲಿ, ವೇತಾಳ ಟೇಕಡಿಯ ಬುಡದಲ್ಲಿ, ಎಂಬತ್ತರ ದಶಕದಲ್ಲಿ ಕಟ್ಟಿದ ಹದಿನಾರು ರೋಹೌಸುಗಳ ಸಾಲಿನಲ್ಲಿ. ಪ್ರತಿ ಮನೆಗೂ ಹಿಂದೆ ಹತ್ತಡಿ ಅಗಲದ ಹಿತ್ತಲು. ಅದರಾಚೆ ಗೋಡೆ, ಗೋಡೆಯಾಚೆ ನಾಲಾ, ನಾಲಾದಾಚೆ ಗುಡ್ಡ. ಪುಣೆ ಊರೊಳಗಿನ ಅತಿ ಎತ್ತರದ ಗುಡ್ಡ ಅದು. ಕಳೆದ ತಿಂಗಳು ಒಂದು ರಾತ್ರಿ ಎರಡು ಗಂಟೆ ಹದಿನಾಲ್ಕು ನಿಮಿಷಕ್ಕೆ ಗೋಡೆಯ ಮೇಲೆ ಉದ್ದ ಬಾಲದ, ಕಪ್ಪು ಮುಖದ ಒಂದು ಪ್ರಾಣಿ ನಡೆದು ಹೋಯಿತು. ಬೆಳಿಗ್ಗೆ ಏಳಕ್ಕೆ ವಾಟ್ಸಾಪಿನಲ್ಲಿ 'ಬಿಬಟ್ಯಾಚಂ ಪಿಲ್ಲೂ' ಎಂದು ಬಂತು. ಚಿರತೆಯ ಮರಿ! ಎಂಟು ಗಂಟೆಗೆ ಮರಿಯ ಜೊತೆಗೆ ತಾಯಿಯೂ ಬಂದಾಗಿತ್ತು. ಒಂಬತ್ತಕ್ಕೆ ಮಕ್ಕಳ ಸ್ಕೂಲ್ ಬಸ್ಸನ್ನು ಗೇಟಿನೊಳಗೇ ಕರೆಸಬೇಕೆಂಬ ತೀರ್ಮಾನವೂ ಆಯಿತು.

ಅದು ಉದಮಾಂಜರ ಎಂದು ನಾನು ಬರೆದೆ. ನಮ್ಮ ತೀರ್ಥಹಳ್ಳಿ ಕಡೆ ಕಬ್ಬೆಕ್ಕು ಅನ್ನುತ್ತೇವೆ, ಪುಸ್ತಕದಲ್ಲಿ ಮರಬೆಕ್ಕು. ಪುನುಗಿನ ಬೆಕ್ಕಿನ ದಾಯಾದಿ. ತಿರುಪತಿ ತಿಮ್ಮಪ್ಪನಿಗೆ ಶುಕ್ರವಾರದ ಅಭಿಷೇಕದ ಮೇಲೆ ಪುನುಗಿನ ತೈಲ ಹಚ್ಚುತ್ತಾರಲ್ಲ, ಆ ವಂಶ. ಮೂರು ಕಿಲೋ ತೂಗುವ, ಹಣ್ಣು, ಇಲಿ, ಹುಳುಹುಪ್ಪಟೆ ತಿಂದು ಬದುಕುವ ನಾಚಿಕೆಯ ಜೀವ. ಚಿರತೆ ಅಲ್ಲ ಎಂದು ಗೊತ್ತಾದ ಮೇಲೆ ಜನರಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಹೆದರಿದ್ದು ವ್ಯರ್ಥವಾಯಿತಲ್ಲ ಎಂಬ ಸಿಟ್ಟು ಬಂತು. ಆ ಸಿಟ್ಟೇ ಈಗ ಠರಾವಾಗಿ ನಿಂತಿದೆ.

ಇಷ್ಟಕ್ಕೆ ನಾನು ಬರೆಯಲು ಕೂರುತ್ತಿರಲಿಲ್ಲ. ನನಗೆ ಚುಚ್ಚಿದ್ದು ಬೇರೆ. ಆ ನೋಟಿಸಿನ ಕರಡು ಬರೆದವರು ನಮ್ಮವರೇ. ಸಾಗರದ ಕಡೆಯವರು, ನಮ್ಮ ಸಾಲಿನಲ್ಲೇ ಮನೆ. ಹೆಸರು ಬೇಡ, ಒಳ್ಳೆಯ ಮನುಷ್ಯರು. ಎರಡು ವರ್ಷದ ಹಿಂದೆ ಇಲ್ಲಿಯ ಒಂದು ಕನ್ನಡ ಬಳಗದ ರಾಜ್ಯೋತ್ಸವ ಸಂಚಿಕೆಯಲ್ಲಿ ತಮ್ಮ ಅಜ್ಜನ ಮನೆಯ ಬಗ್ಗೆ ಬರೆದಿದ್ದರು. ಅಟ್ಟದ ಮೇಲೆ ರಾತ್ರಿ ಓಡಾಡುವ ಕಬ್ಬೆಕ್ಕು, ಹಲಸಿನ ಮರದ ಗೂಬೆ, ಗದ್ದೆಯಾಚೆ ಊಳಿಡುವ ನರಿ, ಅಜ್ಜಿಯ ಸೆರಗು ಹಿಡಿದು ಮಲಗುತ್ತಿದ್ದದ್ದು... ಓದಿ ನನ್ನ ಕಣ್ಣೂ ಒದ್ದೆಯಾಗಿತ್ತು, ಫೋನು ಮಾಡಿ ಹೇಳಿದ್ದೆ ಕೂಡ. ಅದೇ ಕೈ ಈಗ 'ಬೋನು' ಅಂತ ಬರೆದಿದೆ. ಮೊನ್ನೆ ಕೇಳಿದೆ. "ಅದು ಊರು ಮಾರಾಯ್ರೇ, ಇದು ಸಿಟಿ" ಎಂದರು.

ಇದು ಅವರೊಬ್ಬರ ಮಾತಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಊರು ಬಿಟ್ಟು ಬಂದ ನಮ್ಮೆಲ್ಲರ ಮಾತು ಇದು. ಶೆಲ್ಫಿನಲ್ಲಿ ತೇಜಸ್ವಿಯವರ 'ಪರಿಸರದ ಕತೆ' ಇರುತ್ತದೆ, ಸಿಂಕಿನ ಕೆಳಗೆ ಇಲಿಪಾಷಾಣ ಇರುತ್ತದೆ. ಊರಿನ ಕಬ್ಬೆಕ್ಕು ಸಾಹಿತ್ಯ, ಕೋಥರೂಡಿನ ಕಬ್ಬೆಕ್ಕು ಪೆಸ್ಟು. ನಮಗೆ ಬೇಕಾದದ್ದು ಪ್ರಾಣಿ ಅಲ್ಲ ಸ್ವಾಮಿ, ಪ್ರಾಣಿಯ ನೆನಪು. ನೆನಪು ಅಟ್ಟದಲ್ಲಿ ಹಿಕ್ಕೆ ಹಾಕುವುದಿಲ್ಲ, ಕಾರಿನ ಬಾನೆಟ್ಟಿನ ಮೇಲೆ ಹೆಜ್ಜೆ ಮೂಡಿಸುವುದಿಲ್ಲ.

ಹಾಗಂತ ಊರಿನಲ್ಲಿ ನಾವೆಲ್ಲ ಪ್ರಾಣಿಗಳನ್ನು ಮುದ್ದಾಡುತ್ತಿದ್ದೆವು ಎಂಬ ಸುಳ್ಳನ್ನೂ ನಾನು ಹೇಳಲಾರೆ. ಕೋಳಿಗೂಡಿಗೆ ಬಂದ ಕಬ್ಬೆಕ್ಕಿಗೆ ನಮ್ಮಜ್ಜ ಉರುಳು ಹಾಕಿದ್ದನ್ನು ನೋಡಿದ್ದೇನೆ. ಅವರಿಗೆ ಕೋಳಿ ಎಂದರೆ ದುಡ್ಡು, ಬಾಳೆಗೊನೆ ಎಂದರೆ ದುಡ್ಡು. ಕೋಥರೂಡಿನಲ್ಲಿ ಹದಿನಾರು ಮನೆ ಸೇರಿ ಒಂದು ಕೋಳಿ ಇಲ್ಲ. ಕಳೆದುಕೊಳ್ಳಲು ಏನೂ ಇಲ್ಲದವರ ಕೋಪ ಇದು.

ಈಗ ನಾನು ನಿಜವಾಗಿ ಕಂಡದ್ದು ಹೇಳುತ್ತೇನೆ. ಐವತ್ತು ದಾಟಿದ ಗಂಡಸಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವನಿಗೆ, ರಾತ್ರಿ ಎರಡು ಸಲ ಏಳುವ ಯೋಗ ಇದ್ದೇ ಇರುತ್ತದೆ. ಎದ್ದ ಮೇಲೆ ನಿದ್ದೆ ಬರದಿದ್ದರೆ ಹಿಂಬಾಗಿಲು ತೆರೆದು ಮೆಟ್ಟಿಲ ಮೇಲೆ ಕೂರುತ್ತೇನೆ. ಲೈಟು ಹಾಕುವುದಿಲ್ಲ. ಮೊದಮೊದಲು ನಮ್ಮನೆಯವಳು "ರೀ, ಏನಾಯ್ತು?" ಎಂದು ಗಾಬರಿಯಾಗುತ್ತಿದ್ದಳು. ಈಗ ಮಗ್ಗುಲು ಬದಲಿಸುತ್ತಾಳೆ ಅಷ್ಟೆ. ಏಳೆಂಟು ವರ್ಷದಿಂದ ನಡೆದಿದೆ. ಕಂಡದ್ದನ್ನು ಹಳೆಯ ಬ್ಯಾಂಕ್ ಡೈರಿಗಳಲ್ಲಿ ಗೀಚಿಟ್ಟಿದ್ದೇನೆ. ಹವ್ಯಾಸ ಅಂತಲ್ಲ, ಎಂಟ್ರಿ ಹಾಕದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲ ಪಾಳಿ ಹಾಲಕ್ಕಿಯದು. ಮುಸ್ಸಂಜೆಗೇ ಶುರು. ಎರಡು ಇವೆ, ಬೀದಿ ದೀಪದ ಕಂಬದ ಮೇಲೆ ಕೂತು ಜಗಳವಾಡುತ್ತಾ ದೀಪಕ್ಕೆ ಬರುವ ಹುಳ ಹಿಡಿಯುತ್ತವೆ. ನಮ್ಮಲ್ಲಿ ಬುಡುಬುಡಿಕೆಯವರು ಹಾಲಕ್ಕಿ ನುಡಿಯಿತು ಎಂದು ಶಕುನ ಹೇಳಲು ಬರುತ್ತಿದ್ದರಲ್ಲ, ಮಹಾರಾಷ್ಟ್ರದಲ್ಲೂ ಅದೇ ಸಂಪ್ರದಾಯ ಇದೆ. ಹಕ್ಕಿಗೂ ಪಿಂಗಳಾ ಎಂದೇ ಹೆಸರು, ಬೆಳಗಿನ ಜಾವ ಬಂದು ಶಕುನ ಹೇಳುವ ಮನುಷ್ಯನಿಗೂ ಪಿಂಗಳಾ ಎಂದೇ ಹೆಸರು. ಭಾಷೆ ಬದಲಾಗಿದೆ, ಹಕ್ಕಿ ಅದೇ.

ಹತ್ತರ ಮೇಲೆ ಮೋರಿಯಿಂದ ಹೆಗ್ಗಣ ಏಳುತ್ತದೆ. ಇಲ್ಲಿಯವರ ಬಾಯಲ್ಲಿ ಘೂಸ್. ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. ಇಂಗ್ಲಿಷಿನ ಬ್ಯಾಂಡಿಕೂಟ್ ಎಂಬ ಶಬ್ದ ತೆಲುಗಿನ ಪಂದಿಕೊಕ್ಕುವಿನಿಂದ ಬಂದದ್ದು, ಹಂದಿ ಇಲಿ ಅಂತ ಅರ್ಥ. ಆಸ್ಟ್ರೇಲಿಯಾದ ಬ್ಯಾಂಡಿಕೂಟ್ ಬೇರೆಯೇ ಜಾತಿ. ಹೆಸರು ಮಾತ್ರ ನಮ್ಮ ಹೆಗ್ಗಣದ್ದು. ಇದರ ಹೊಟ್ಟೆಪಾಡು ಸಂಪೂರ್ಣವಾಗಿ ನಮ್ಮ ಮೇಲೆ. ಮುಚ್ಚಳ ಇಲ್ಲದ ಕಸದ ಡಬ್ಬಿ, ಬಾಗಿಲ ಹೊರಗಿಟ್ಟ ಹಸಿ ಕಸದ ಚೀಲ, ನಾಯಿಗೆಂದು ಹಾಕಿ ಮಿಕ್ಕಿದ ಅನ್ನ. ಹೆಗ್ಗಣ ಕಾಡಿನಿಂದ ಬಂದದ್ದಲ್ಲ, ನಾವು ಸಾಕಿದ್ದು.

ಹನ್ನೊಂದಕ್ಕೆ ಚಿಕ್ಕು ಮರಕ್ಕೆ ಬಾವಲಿಗಳು. ಒಂದರ ಸುಮಾರಿಗೆ ಅದೇ ಮರಕ್ಕೆ ಕಬ್ಬೆಕ್ಕು. ಅದು ಬರುವುದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಅಂಬೆಮೋಹರ ಅಕ್ಕಿ ಬೇಯುವಾಗ ಬರುತ್ತದಲ್ಲ, ಅಂಥದೊಂದು ವಾಸನೆ. ನಾನು ಮೊದಲ ಸಲ ಅರ್ಧರಾತ್ರಿಯಲ್ಲಿ ಯಾರಪ್ಪಾ ಅನ್ನ ಮಾಡುತ್ತಿರುವುದು ಅಂದುಕೊಂಡಿದ್ದೆ! ಕಬ್ಬೆಕ್ಕು ಹತ್ತಿದರೆ ಬಾವಲಿಗಳು ಒಮ್ಮೆ ಎದ್ದು, ಒಂದು ಸುತ್ತು ಹಾಕಿ, ಮರದ ಇನ್ನೊಂದು ಮಗ್ಗುಲಿಗೆ ಬಂದು ನೇತುಬೀಳುತ್ತವೆ. ಅದು ಅದರ ಪಾಡಿಗೆ, ಇವು ಇವುಗಳ ಪಾಡಿಗೆ. ಕಚ್ಚಿ ಬಿಸಾಡಿದ ಹಣ್ಣು ಕೆಳಗೆ ಬಿದ್ದರೆ ಅಲ್ಲಿ ಹೆಗ್ಗಣ ಕಾದಿರುತ್ತದೆ. ನಮ್ಮ ಮನೆಗೆ ಚಿಕ್ಕು ಬರುವುದು ಅವರೆಲ್ಲರ ಊಟ ಆದ ಮೇಲೆ. ಪೇಟೆಯಲ್ಲಿ ಕೊಂಡರೆ ಆಯಿತು, ಅದೇನು ಮಹಾ.

ಒಂದು ರಾತ್ರಿಯದು ಮರೆಯಲಾರೆ. ಪಕ್ಕದ ಮನೆಯ ಗಂಡುಬೆಕ್ಕು, ದಪ್ಪ ಕುತ್ತಿಗೆಯ ಪುಂಡ, ಗೋಡೆಯ ಮೇಲೆ ಆ ಕಡೆಯಿಂದ ಬರುತ್ತಿತ್ತು. ಕಬ್ಬೆಕ್ಕು ಈ ಕಡೆಯಿಂದ. ಗೋಡೆಯ ಅಗಲ ಒಂಬತ್ತು ಇಂಚು. ಎರಡೂ ನಡುವೆ ಎರಡಡಿ ಬಿಟ್ಟು ನಿಂತವು. ಬೆಕ್ಕು ಬೆನ್ನು ಬಾಗಿಸಿತು, ಕಬ್ಬೆಕ್ಕು ಬಾಯಿ ತೆರೆದು ಒಂದು ಸಲ ಬುಸ್ಸೆಂದಿತು. ಆಮೇಲೆ ಏನೂ ಇಲ್ಲ. ನಿಂತೇ ಇದ್ದವು. ನಾನು ಉಸಿರು ಬಿಗಿ ಹಿಡಿದು ಕೂತಿದ್ದೆ, ಕಾಲು ಜೋಮು ಹಿಡಿಯಿತು. ಎಷ್ಟೋ ಹೊತ್ತಿನ ಮೇಲೆ ಬೆಕ್ಕು ಕೂತು ತನ್ನ ಪಂಜ ನೆಕ್ಕತೊಡಗಿತು, ನನಗೇನೂ ಅವಸರವಿಲ್ಲ ಎಂಬಂತೆ. ಕಬ್ಬೆಕ್ಕು ಸರಕ್ಕನೆ ಬೈನೆ ಮರಕ್ಕೆ ಇಳಿದು, ಬೆಕ್ಕಿನ ಹಿಂದೆ ಮೂರಡಿ ದೂರದಲ್ಲಿ ಮತ್ತೆ ಗೋಡೆ ಹತ್ತಿ ಹೋಯಿತು. ಬೆಕ್ಕು ತಿರುಗಿ ನೋಡಲೂ ಇಲ್ಲ. ಇಬ್ಬರ ಮರ್ಯಾದೆಯೂ ಉಳಿಯಿತು. ಮಾರನೆಯ ಬೆಳಿಗ್ಗೆ ಅದೇ ಗೋಡೆಯ ಆಚೀಚೆ ಇಬ್ಬರು ಹಿರಿಯರು ಕಾರು ನಿಲ್ಲಿಸುವ ಅರ್ಧ ಅಡಿ ಜಾಗಕ್ಕೆ ತಾಯಿ ತಂದೆ ಎಲ್ಲ ಎತ್ತಿ ಜಗಳವಾಡಿದರು. ನಾನು ಯಾರನ್ನೂ ಹೋಲಿಸುತ್ತಿಲ್ಲ.

ಮಳೆಗಾಲದಲ್ಲಿ ಒಮ್ಮೆ ಕಬ್ಬೆಕ್ಕು ದೊಡ್ಡ ಹೆಗ್ಗಣದ ಮೇಲೆ ಎರಗಿತ್ತು. ಹೆಗ್ಗಣ ಓಡಲಿಲ್ಲ. ಬೆನ್ನ ಮೇಲಿನ ಕೂದಲೆಲ್ಲ ನಿಗುರಿಸಿ, ಹಂದಿಯ ಹಾಗೆ ಗುರುಗುಟ್ಟಿ ತಿರುಗಿ ನಿಂತಿತು. ಕಬ್ಬೆಕ್ಕು ಎರಡು ಹೆಜ್ಜೆ ಹಿಂದೆ ಸರಿದು, ಯೋಚಿಸಿ, ಬಸವನ ಹುಳ ಹುಡುಕಲು ಹೋಯಿತು. ಚಿಕ್ಕ ಇಲಿಯಾಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಸಾವೂ ಇದೆ ಅಲ್ಲಿ, ಇಲ್ಲವೆನ್ನುವುದಿಲ್ಲ. ಆದರೆ ಡೈರಿ ತಿರುವಿ ನೋಡಿದರೆ ಮುಖಾಮುಖಿಗಳಲ್ಲಿ ಬಹುಪಾಲು ಏನೂ ಆಗದೆ ಮುಗಿದವು. ನಿಜವಾಗಿ ರಕ್ತ ಬಿದ್ದದ್ದು ನಾಯಿಗಳ ಹಿಂಡಿನಿಂದ. 2022ರ ಬೇಸಿಗೆಯಲ್ಲಿ ಒಂದು ಕಬ್ಬೆಕ್ಕನ್ನು ನಾಲ್ಕು ನಾಯಿಗಳು ಸೇರಿ ಗೇಟಿನ ಹತ್ತಿರ ಹರಿದು ಹಾಕಿದ್ದವು. ತಿನ್ನಲಿಲ್ಲ. ಆ ನಾಯಿಗಳಿಗೆ ರಾತ್ರಿ ಹತ್ತಕ್ಕೆ ಬಿಸ್ಕತ್ತು, ಚಿಕನ್ ಅನ್ನ ಹಾಕುವವರು ನಮ್ಮ ಬೀದಿಯ ಪುಣ್ಯವಂತರು. ಪುಣ್ಯ ಅವರಿಗೆ, ಲೆಕ್ಕ ತೀರಿಸಿದ್ದು ಕಬ್ಬೆಕ್ಕು.

ಇನ್ನು ಬೈನೆ ಮರದ ವಿಷಯ. ಊರಲ್ಲಿ ಕಳ್ಳು ಇಳಿಸುವ ಮರ. ಇಲ್ಲಿ ಬಿಲ್ಡರುಗಳಿಗೆ ಶೋಭೆಯ ಮರ, ಎಲೆ ಮೀನಿನ ಬಾಲದ ಹಾಗಿದೆ ಅಂತ ತಂದು ನೆಡುತ್ತಾರೆ. ಅದರ ಹಣ್ಣಿನ ರಸ ನಮ್ಮ ಕೈಗೆ ತಾಗಿದರೆ ತುರಿಕೆ. ಕಬ್ಬೆಕ್ಕಿಗೆ ಏನೂ ಆಗುವುದಿಲ್ಲ, ತಿರುಳು ಅರಗಿಸಿ ಬೀಜವನ್ನು ಇಡಿಯಾಗಿ ಬೇರೆಡೆ ಹಾಕುತ್ತದೆ. ಕಾಡಿನಲ್ಲಿ ಬೈನೆ ಹಬ್ಬುವುದರಲ್ಲಿ ಅದರ ಪಾಲು ದೊಡ್ಡದು. ಅಂದರೆ ಶೋಭೆಗೆಂದು ಕಬ್ಬೆಕ್ಕಿನ ಖಾನಾವಳಿ ತೆರೆದವರು ನಾವು, ಗಿರಾಕಿ ಬಂದಾಗ ಹೌಹಾರುವವರೂ ನಾವು. ಇದೇ ಪ್ರಾಣಿ ಇಂಡೊನೇಷ್ಯಾದಲ್ಲಿ ಕಾಫಿ ಹಣ್ಣು ತಿಂದು ಹಾಕಿದ ಬೀಜಕ್ಕೆ ಕೋಪಿ ಲುವಾಕ್ ಅಂತ ಹೆಸರಿಟ್ಟು ಚಿನ್ನದ ಬೆಲೆಗೆ ಮಾರುತ್ತಾರೆ. ನಮ್ಮ ನೋಟಿಸಿನಲ್ಲಿ ಆ ಹಿಕ್ಕೆಗೆ 'ಅಸಹ್ಯ ಘಾಣ' ಎಂದು ಬರೆದಿದೆ.

ಈಗ ನನ್ನ ಪಾಪದ ಲೆಕ್ಕ.

2017ರಲ್ಲಿ ಹೆಗ್ಗಣ ಜಾಸ್ತಿಯಾಗಿ ಯಾರದೋ ಕಾರಿನ ವೈರು ಕಡಿದವು. ಪೆಸ್ಟ್ ಕಂಟ್ರೋಲಿನವರನ್ನು ಕರೆಸಿದೆವು. ಮೋರಿಯುದ್ದಕ್ಕೂ ಕೇಕು ಇಟ್ಟು ಹೋದರು. ಬಿಲ್ಲು ಬಂತು, ಚೆಕ್ಕಿಗೆ ನಾನೇ ಸಹಿ ಹಾಕಿದೆ. ಆಗ ನಮ್ಮ ನೀರಿನ ಟ್ಯಾಂಕಿನ ಕೆಳಗಿನ ಸಂದಿನಲ್ಲಿ ಕಣಜ ಗೂಬೆಯ ಜೋಡಿ ಇತ್ತು. ಹೃದಯದಾಕಾರದ ಬಿಳಿ ಮುಖ, ಹಾರಿದರೆ ರೆಕ್ಕೆಯ ಸದ್ದೇ ಇಲ್ಲ. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ ಇರುವುದರಿಂದ ಗಾಢ ಕತ್ತಲಲ್ಲೂ ಇಲಿಯ ಸದ್ದು ಎಲ್ಲಿಂದ ಬಂತೆಂದು ಅದಕ್ಕೆ ಕರಾರುವಾಕ್ಕಾಗಿ ಗೊತ್ತಾಗುತ್ತದೆ. ಕೇಕು ಇಟ್ಟ ಎರಡನೆಯ ವಾರ ಒಂದು ಗೂಬೆ ಟ್ಯಾಂಕಿನ ಕೆಳಗೆ ಸತ್ತು ಬಿದ್ದಿತ್ತು. ಗಾಯ ಇಲ್ಲ, ಏನಿಲ್ಲ. ಕೊಕ್ಕಿನ ಹತ್ತಿರ ಮಾತ್ರ ಸ್ವಲ್ಪ ರಕ್ತ. ನಾಲ್ಕು ದಿನ ಬಿಟ್ಟು ಇನ್ನೊಂದು. ವಾಚ್‌ಮನ್ ಅಪಶಕುನ ಎಂದು ಗೋಣಿಯಲ್ಲಿ ಸುತ್ತಿ ನಾಲಾಕ್ಕೆ ಎಸೆದ. ನಾನೂ ಏನೂ ಕೇಳಲಿಲ್ಲ. ಅವುಗಳ ಹೊಟ್ಟೆ ಸೀಳಿ ನೋಡಿದವರಿಲ್ಲ, ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿ ನನ್ನಲ್ಲಿಲ್ಲ. ಆದರೆ ಆಮೇಲೆ ಓದಿ ತಿಳಿದುಕೊಂಡದ್ದು ಇದು.

ಈಗಿನ ಇಲಿಪಾಷಾಣ ಹೆಚ್ಚಾಗಿ ಬ್ರೊಮಾಡಿಯೊಲೋನ್ ಥರದ್ದು. ತಿಂದ ತಕ್ಷಣ ಕೊಲ್ಲುವುದಿಲ್ಲ. ಕೆ ಜೀವಸತ್ವದ ಕೆಲಸ ಕೆಡಿಸಿ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಇಲಿ ಮೂರು, ನಾಲ್ಕು, ಐದು ದಿನ ಒಳಗೇ ರಕ್ತ ಸೋರಿಸಿಕೊಂಡು ಸಾಯುತ್ತದೆ. ಆ ದಿನಗಳಲ್ಲಿ ಅದು ಮಂಕಾಗಿ, ನಿಧಾನವಾಗಿ ಬಯಲಿನಲ್ಲಿ ಓಡಾಡುತ್ತದೆ. ಗೂಬೆಗೆ ಅದಕ್ಕಿಂತ ಸುಲಭದ ಬೇಟೆ ಉಂಟೇ? ವಿಷ ಇಲಿಯ ಯಕೃತ್ತಿನಿಂದ ಗೂಬೆಯ ಯಕೃತ್ತಿಗೆ ವರ್ಗಾವಣೆ. ಬ್ರಿಟನ್ನಿನಲ್ಲಿ ಸತ್ತು ಸಿಕ್ಕ ಕಣಜ ಗೂಬೆಗಳ ಯಕೃತ್ತನ್ನು ವರ್ಷವರ್ಷ ಪರೀಕ್ಷಿಸುತ್ತಾರೆ. ಹತ್ತರಲ್ಲಿ ಎಂಟರಷ್ಟು ಹಕ್ಕಿಗಳಲ್ಲಿ ಈ ಜಾತಿಯ ಪಾಷಾಣದ ಅಂಶ ಸಿಗುತ್ತದೆ. ಅತ್ತ ಮಲೇಷ್ಯಾದ ಎಣ್ಣೆತಾಳೆ ತೋಟಗಳಲ್ಲಿ ಇಲಿ ಹಿಡಿಯಲೆಂದೇ ಕಂಬಕ್ಕೆ ಪೆಟ್ಟಿಗೆ ಕಟ್ಟಿ ಇದೇ ಗೂಬೆಯನ್ನು ಕರೆದು ಕೂರಿಸುತ್ತಾರೆ. ಅವರು ಸಂಬಳವಿಲ್ಲದ ನೌಕರನಿಗೆ ಕ್ವಾರ್ಟರ್ಸು ಕೊಟ್ಟರು. ನಾವು ನಮ್ಮಲ್ಲಿ ಬಿಟ್ಟಿ ದುಡಿಯುತ್ತಿದ್ದವರಿಗೆ ವಿಷ ಕೊಟ್ಟೆವು, ಅದಕ್ಕೆ ಜಿಎಸ್‌ಟಿಯನ್ನೂ ಕಟ್ಟಿದೆವು.

ಹೆಗ್ಗಣ? ಆರು ತಿಂಗಳಲ್ಲಿ ಮೊದಲಿನಷ್ಟೇ ಆದವು. ಗೂಬೆ ಮಾತ್ರ ಆ ಟ್ಯಾಂಕಿಗೆ ಇವತ್ತಿನವರೆಗೆ ಬಂದಿಲ್ಲ. ಗೂಬೆಯನ್ನು ಅಪಶಕುನ ಎನ್ನುವ ನಾಡಿನಲ್ಲಿ ಅದು ಹೋದದ್ದಕ್ಕೆ ಅಳುವವರು ಯಾರು? ಇದೇ ಪುಣೆ ಜಿಲ್ಲೆಯ ಪಿಂಗೋರಿ ಎಂಬ ಹಳ್ಳಿಯಲ್ಲಿ 2018ರಲ್ಲಿ ಇಲಾ ಫೌಂಡೇಶನ್ನಿನವರು ಶಾಲೆಯ ಮಕ್ಕಳನ್ನೆಲ್ಲ ಸೇರಿಸಿ ಗೂಬೆಗಳ ಹಬ್ಬ ಮಾಡಿದರು. ಪೇಪರಿನಲ್ಲಿ ಓದಿ ನನಗೆ ಖುಷಿಯಾಗಲಿಲ್ಲ, ನಾಚಿಕೆಯಾಯಿತು.

ನಾಲ್ಕನೆಯ ಸಲಹೆ, ಹಿಡಿದು ದೂರ ಬಿಡುವುದು. ಇದು ಬಹಳ ದಯಾವಂತ ಸಲಹೆ ಎಂದು ಎಲ್ಲರೂ ತಿಳಿದಿದ್ದಾರೆ. ಮೊದಲು ಕಾನೂನು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೋನಿಟ್ಟು ಹಿಡಿಯುವುದೂ 'ಬೇಟೆ'ಯೇ. ಅರಣ್ಯ ಇಲಾಖೆಯನ್ನು ಕೇಳದೆ ಬೋನು ಇಟ್ಟರೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರೂ ಒಟ್ಟಿಗೆ ಒಳಗೆ ಹೋಗಬಹುದು. ಕಾನೂನು ಬಿಡಿ, ಈ ದಯೆಯ ಫಲ ಏನೆಂದು ನಮ್ಮ ಪುಣೆ ಜಿಲ್ಲೆಗಿಂತ ಚೆನ್ನಾಗಿ ಬಲ್ಲವರಿಲ್ಲ. ಜುನ್ನರ್ ಕಡೆ ಕಬ್ಬಿನ ಗದ್ದೆಗಳಲ್ಲಿ ಚಿರತೆ ಇರುವುದು ಎಲ್ಲರಿಗೂ ಗೊತ್ತು. 2001ರಿಂದ ಅವನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದು ದೂರದ ಕಾಡುಗಳಿಗೆ ಬಿಡತೊಡಗಿದರು. ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಅದರ ಲೆಕ್ಕ ತೆಗೆದರು. 1993ರಿಂದ 2001ರವರೆಗೆ ಜುನ್ನರಿನಲ್ಲಿ ಮನುಷ್ಯರ ಮೇಲೆ ಚಿರತೆಯ ದಾಳಿ ವರ್ಷಕ್ಕೆ ಸರಾಸರಿ 4. ಹಿಡಿದು ಬಿಡುವ ಕೆಲಸ ಶುರುವಾದ ಮೇಲೆ, 2001ರಿಂದ 2003ರವರೆಗೆ, ಸರಾಸರಿ 17! ಬಿಟ್ಟ ಜಾಗಗಳ ಹತ್ತಿರವೂ ದಾಳಿಗಳು ಶುರುವಾದವು. ಮನೆ ಕಳೆದುಕೊಂಡ ಪ್ರಾಣಿಗೆ ಹೊಸ ಜಾಗದ ದಾರಿ ಗೊತ್ತಿಲ್ಲ, ಯಾರ ಗಡಿ ಎಲ್ಲಿದೆ ಗೊತ್ತಿಲ್ಲ. ಖಾಲಿಯಾದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಕಬ್ಬೆಕ್ಕು ಮನುಷ್ಯರ ಮೇಲೆ ಎರಗುವುದಿಲ್ಲ, ಆ ಭಯ ಬೇಡ. ಆದರೆ ಅಪರಿಚಿತ ಗುಡ್ಡದಲ್ಲಿ ಬಿಟ್ಟರೆ ಮೊದಲ ರಾತ್ರಿಯೇ ನಾಯಿಗಳ ಬಾಯಿಗೆ ಬೀಳಬಹುದು, ಇಲ್ಲಿ ಗೋಡೆಯ ಮೇಲೆ ಮುಂದಿನ ತಿಂಗಳು ಬೇರೊಂದು ನಡೆಯುತ್ತಿರುತ್ತದೆ.

ಚಿರತೆಯ ಮಾತು ಬಂದ ಮೇಲೆ ಒಂದು ಸ್ಪಷ್ಟ ಮಾಡಬೇಕು. 2025ರ ಅಕ್ಟೋಬರ್, ನವೆಂಬರಿನಲ್ಲಿ ಶಿರೂರು ತಾಲ್ಲೂಕಿನ ಪಿಂಪರಖೇಡ ಸುತ್ತ ಇಬ್ಬರು ಮಕ್ಕಳು, ಒಬ್ಬ ಅಜ್ಜಿ ಚಿರತೆಗೆ ಬಲಿಯಾದರು. ಆ ಜನ ಹೆದ್ದಾರಿ ತಡೆದು ಕೂಗಿದಾಗ ಪ್ರಾಣಿದಯೆಯ ಪಾಠ ಹೇಳಲು ನನಗೆ ಬಾಯಿ ಬರುವುದಿಲ್ಲ. ಕೊನೆಗೆ ಆ ಚಿರತೆಯನ್ನು ಗುಂಡಿಟ್ಟು ಕೊಂದರು. ಅಲ್ಲಿ ಸತ್ತದ್ದು ಮಕ್ಕಳು. ಇಲ್ಲಿ ಸತ್ತದ್ದು ನಿದ್ದೆ. ಅವರ ಸಂಕಟವನ್ನು ಎರವಲು ತಂದು ನಮ್ಮ ಮೂರು ಕಿಲೋ ಬೆಕ್ಕಿನ ಮೇಲೆ ಸಾಲ ಎತ್ತುವುದು ಬೇಡ ಎನ್ನುತ್ತೇನೆ ಅಷ್ಟೆ.

ಇನ್ನೊಂದು ನೆನಪಿಸುತ್ತೇನೆ, ನ್ಯಾಯವಾಗಿ ಕೋಥರೂಡಿನವರಿಗೆ ನೆನಪಿಸಬೇಕಾಗಿಯೇ ಇರಬಾರದು. 2020ರ ಡಿಸೆಂಬರ್ 9. ಬೆಳಿಗ್ಗೆ ಮಹಾತ್ಮಾ ಸೊಸೈಟಿಯೊಳಗೆ ಒಂದು ಗವಾ ಬಂದು ನಿಂತಿತ್ತು. ನಮ್ಮ ಕಾಟಿ, ಕಾಡುಕೋಣ. ದಾರಿ ತಪ್ಪಿ ಬಂದದ್ದು, ಕತ್ತಲಾಗುವವರೆಗೆ ಸುಮ್ಮನೆ ಬಿಟ್ಟಿದ್ದರೆ ಬಂದ ದಾರಿ ಹುಡುಕಿಕೊಳ್ಳುತ್ತಿತ್ತೋ ಏನೋ. ನೂರಾರು ಜನ ಮೊಬೈಲು ಹಿಡಿದು ಹಿಂದೆ ಬಿದ್ದರು. ಗೇಟು ಗೋಡೆಗಳಿಗೆ ಅಪ್ಪಳಿಸಿಕೊಂಡು, ಬಾಯಲ್ಲಿ ನೊರೆ ಸುರಿಸಿಕೊಂಡು, ಗಂಟೆಗಟ್ಟಲೆ ಓಡಿತು. ಅರಿವಳಿಕೆ ಕೊಟ್ಟು ಹಿಡಿದರು, ಅವತ್ತೇ ಸತ್ತಿತು. ಎರಡು ವಾರ ಬಿಟ್ಟು ಡಿಸೆಂಬರ್ 22ಕ್ಕೆ ಬಾವಧನ್ ಕಡೆ ಇನ್ನೊಂದು ಬಂತು. ಈ ಸಲ ಜನರನ್ನು ದೂರ ಇಟ್ಟರು, ದಾರಿ ಬಿಟ್ಟುಕೊಟ್ಟರು, ಅದು ಕಾಡಿಗೆ ಮರಳಿತು. ಕೋಣ ಅಂಥದೇ, ಊರೂ ಇದೇ. ಬದಲಾದದ್ದು ನಾವು ನಿಂತ ಜಾಗ ಒಂದೇ. ಮೊದಲನೆಯ ದಿನ ನಾನೂ ಬ್ಯಾಂಕಿಗೆ ಹೋಗುವಾಗ ಗಾಡಿ ನಿಲ್ಲಿಸಿ ಇಣುಕಿದವರಲ್ಲಿ ಒಬ್ಬ. ಅದನ್ನೂ ಎಂಟ್ರಿ ಹಾಕಿಬಿಡಿ.

ಬಾವಲಿಯಿಂದ ರೋಗ ಬರುತ್ತದಲ್ಲ, ಎನ್ನುವವರಿದ್ದಾರೆ. ಕಚ್ಚಿದ ಹಣ್ಣು ತಿನ್ನಬೇಡಿ, ಬಾವಲಿಯನ್ನು ಕೈಯಲ್ಲಿ ಮುಟ್ಟಬೇಡಿ, ಮುಗಿಯಿತು. ಮರ ಕಡಿಯುವುದು ಔಷಧಿ ಅಲ್ಲ. ನಮ್ಮ ಕಾಯ್ದೆಯೇ 2022ರ ತಿದ್ದುಪಡಿಯವರೆಗೆ ಹಣ್ಣುಬಾವಲಿಯನ್ನು ಇಲಿ, ಕಾಗೆಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿ ಇಟ್ಟುಕೊಂಡಿತ್ತು. ಐವತ್ತು ವರ್ಷದ ಮೇಲೆ ಸರಕಾರವೇ ಆ ಪಟ್ಟಿಯನ್ನು ಕಿತ್ತು ಹಾಕಿತು. ನಮ್ಮ ಸೊಸೈಟಿ ಈಗ ಹೊಸದಾಗಿ ಶುರು ಮಾಡುವುದೇಕೆ?

ಮೊನ್ನೆ ಅಂಗಳದಲ್ಲಿ ಮಾತಿಗೆ ನಿಂತಾಗ ಒಬ್ಬರು "ಹೇ ಸಗಳೇ ಬಾಹೇರೂನ್ ಆಲೇಲೆ" ಎಂದರು. ಇವೆಲ್ಲ ಹೊರಗಿನಿಂದ ಬಂದವು, ಅಂತ. ಪ್ರಾಣಿಗಳ ಬಗ್ಗೆ ಹೇಳಿದ್ದು, ನನಗಲ್ಲ. ಆದರೂ ನನ್ನ ಕಿವಿ ನಿಮಿರಿತು. 1995ರಲ್ಲಿ ಇಲ್ಲಿ ಬಾಡಿಗೆ ಮನೆ ಹುಡುಕುವಾಗ ಈ 'ಬಾಹೇರೂನ್' ಎಂಬ ಶಬ್ದ ಎಷ್ಟು ಸಲ ಕೇಳಿದ್ದೆ! ನೀವೂ ಕೇಳಿರುತ್ತೀರಿ, ಮುಂಬೈಯಲ್ಲೋ ಹೈದರಾಬಾದಿನಲ್ಲೋ. ನನ್ನ ಸಾಗರದ ಮಿತ್ರರೂ ಅಲ್ಲೇ ನಿಂತಿದ್ದರು, ತಲೆಯಾಡಿಸಿದರು. ಗುಡ್ಡದ ಬುಡಕ್ಕೆ ಯಾರು ಮೊದಲು ಬಂದರು, ನಾವೋ ಕಬ್ಬೆಕ್ಕೋ? ಗೋಡೆ ಕಟ್ಟಿದ್ದು ಎಂಬತ್ತರ ದಶಕದಲ್ಲಿ. 2023ರಲ್ಲಿ ಇದೇ ಟೇಕಡಿಗೆ ರಸ್ತೆ ಬೇಡ ಎಂದು ಜನ ಬೀದಿಗಿಳಿದಾಗ ನಮ್ಮ ಸೊಸೈಟಿಯಿಂದಲೂ ಆರು ಜನ ಬೋರ್ಡು ಹಿಡಿದು ಹೋಗಿದ್ದರು. ಗುಡ್ಡ ಬೇಕು, ಗುಡ್ಡದವರು ಬೇಡ!

ಭಾನುವಾರ ನಾನು ಹೇಳುವುದು ಇಷ್ಟು. ಎರಡೂ ಕಸದ ಡಬ್ಬಿಗೆ ಗಟ್ಟಿ ಮುಚ್ಚಳ, ಮೋರಿಯ ಬಾಯಿಗೆ ಕಬ್ಬಿಣದ ಜಾಲರಿ. ದರ ವಿಚಾರಿಸಿದ್ದೇನೆ, ಪಾಷಾಣದ ಒಂದು ವರ್ಷದ ಕಂತ್ರಾಟಿಗಿಂತ ಕಡಿಮೆ. ಹಳೆಯ ಮೂರು ಮನೆಗಳ ಮಾಡು ಮಂಗಳೂರು ಹೆಂಚಿನದು (ಇಲ್ಲಿಯವರೂ ಮಂಗಳೋರಿ ಕೌಲ ಎಂದೇ ಕರೆಯುತ್ತಾರೆ, ಕೇಳಲು ಹಿತ). ಅಲ್ಲಿ ಸರಿದ ಹೆಂಚು ಮುಚ್ಚಿಸಬೇಕು, ಆದರೆ ಒಳಗೆ ಮರಿ ಇಲ್ಲವೆಂದು ನೋಡಿ ಆಮೇಲೆ. ಗಾಯಗೊಂಡ ಪ್ರಾಣಿ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಫೋನು. ಲೈಟು ಬೇಡ, ಕತ್ತಲು ಅವುಗಳಿಗೂ ಬೇಕು, ನನ್ನ ನಿದ್ದೆಗೂ ಬೇಕು. ಟ್ಯಾಂಕಿನ ಕೆಳಗೆ ಒಂದು ಮರದ ಪೆಟ್ಟಿಗೆ ಕಟ್ಟಿಸುವುದು ನನ್ನ ಸ್ವಂತ ಖರ್ಚಿನಲ್ಲಿ.

ಠರಾವು ಪಾಸಾದರೂ ಆಗಬಹುದು, ಹದಿನಾರರಲ್ಲಿ ಒಂಬತ್ತು ಮನೆ ಆ ಕಡೆಗಿವೆ ಎಂದು ಕೇಳಿದ್ದೇನೆ. ಸೊಸೈಟಿಯ ಚೆಕ್ಕಿಗೆ ಎರಡು ಸಹಿ ಬೇಕು. ಪಾಷಾಣದ ಚೆಕ್ಕಿಗೆ ನನ್ನದು ಸಿಗುವುದಿಲ್ಲ. ಬೇರೆ ಖಜಾಂಚಿಯನ್ನು ಹುಡುಕಿಕೊಳ್ಳಲಿ, ಹನ್ನೊಂದು ವರ್ಷದ ವೋಚರುಗಳನ್ನು ಜೋಡಿಸಿಟ್ಟಿದ್ದೇನೆ. ಸಾಗರದವರಿಗೆ ಅವರದೇ ಲೇಖನದ ಒಂದು ಜೆರಾಕ್ಸ್ ತೆಗೆದಿಟ್ಟಿದ್ದೇನೆ. ಸಭೆಗೆ ಮುಂಚೆ, ಶನಿವಾರ ಸಂಜೆ, ಕಾಫಿಗೆ ಕರೆದಿದ್ದೇನೆ. ಬರುತ್ತೇನೆ ಎಂದಿದ್ದಾರೆ.